ಪುಟಾಣಿಗಳ ತರಗತಿಗೆ ಸಂಗೀತದ ಚಟುವಟಿಕೆ: ವಾರಕ್ಕೊಂದು ವಿಷಯ, ದಿನಕ್ಕೆ 20 ನಿಮಿಷ

ಪುಟ್ಟ ಮಕ್ಕಳಿಗೆ ಸಂಗೀತದ ಪಾಠ ಅಂದರೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಸ್ಪೀಕರ್‌ನಲ್ಲಿ ಹಾಡು ಹಾಕುತ್ತೇವೆ. ಟೀಚರ್ ಮುಂದೆ ನಿಂತು ಕುಣಿಯುತ್ತಾರೆ. ಮಕ್ಕಳು ಅವರನ್ನು ನೋಡಿ ಕೈ ಆಡಿಸುತ್ತಾರೆ. ಮುಗಿದ ಮೇಲೆ ಇನ್ನೊಂದು ಹಾಡು. ಮಕ್ಕಳಿಗೆ ಖುಷಿಯಂತೂ ಆಗುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಆ ಹೊತ್ತಿನಲ್ಲಿ ಕೆಲಸ ಮಾಡಿದ್ದು ಕಣ್ಣು. ಕಿವಿಗೆ ಸಿಕ್ಕಿದ್ದು ತೀರಾ ಕಡಿಮೆ.

ನಾನೂ ಮೊದಲೆರಡು ವರ್ಷ ಹಾಗೇ ಮಾಡಿದೆ. ವಾರಕ್ಕೆ ನಾಲ್ಕೈದು ಹೊಸ ಹಾಡು ಹುಡುಕುತ್ತಿದ್ದೆ. ಆಮೇಲೆ ಒಂದು ಬದಲಾವಣೆ ಮಾಡಿಕೊಂಡೆ. ಹಾಡಿನ ಪಟ್ಟಿ ಬರೆಯುವುದನ್ನು ಬಿಟ್ಟು, "ಈ ವಾರ ಮಗು ಯಾವ ಒಂದು ವ್ಯತ್ಯಾಸವನ್ನು ಕಿವಿಯಿಂದ ಗುರುತಿಸಬೇಕು?" ಅಂತ ಬರೆಯತೊಡಗಿದೆ. ಹಾಡುಗಳು ಕಡಿಮೆಯಾದವು. ಮಕ್ಕಳು ಹಾಡುವುದು ಜಾಸ್ತಿಯಾಯಿತು. 3ರಿಂದ 5 ವರ್ಷದ ಮಕ್ಕಳಿಗೆ ಹೀಗೆ ಯೋಜನೆ ಮಾಡುವುದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ನಿಮಗೆ ಸಂಗೀತ ಕಲಿತ ಹಿನ್ನೆಲೆ ಬೇಕಿಲ್ಲ.

ಹೆಜ್ಜೆ 1: ಮೊದಲು ಮಕ್ಕಳ ಹೆಜ್ಜೆ ನೋಡಿ

ಹಾಡು ಆರಿಸುವ ಮೊದಲು ಒಂದು ದಿನ ಮಕ್ಕಳನ್ನು ಸುಮ್ನೆ ಗಮನಿಸಿ. ನಡೆಯುವಾಗ, ಓಡುವಾಗ, ಮೇಜು ಬಡಿಯುವಾಗ ಅವರ ವೇಗ ಎಷ್ಟಿದೆ? ದೊಡ್ಡವರು ತಮ್ಮ ಪಾಡಿಗೆ ಬೆರಳು ತಟ್ಟುತ್ತಾ ಕೂತರೆ ನಿಮಿಷಕ್ಕೆ ಸುಮಾರು 100 ಬಡಿತ ಬರುತ್ತದೆ. ನಾಲ್ಕು ವರ್ಷದ ಮಗುವಿನ ಸಹಜ ವೇಗ ಅದಕ್ಕಿಂತ ಜಾಸ್ತಿ, 120ನ್ನೂ ದಾಟುತ್ತದೆ. ಮಕ್ಕಳಿಗೆ ಸುಲಭವಾಗಲಿ ಅಂತ ನಾವು ಹಾಡನ್ನು ಎಳೆದೆಳೆದು ಹಾಡುತ್ತೇವೆ, ಅಲ್ವಾ? ಪದ ಕಲಿಸುವಾಗ ಅದು ಸರಿ. ಆದರೆ ತಾಳಕ್ಕೆ ಚಪ್ಪಾಳೆ ಹೊಡೆಸುವಾಗ ನಿಧಾನದ ಹಾಡೇ ಅವರಿಗೆ ಹೆಚ್ಚು ಕಷ್ಟ. ಒಂದು ಬಡಿತದಿಂದ ಇನ್ನೊಂದಕ್ಕೆ ಕಾಯುವುದು ಅವರಿಂದ ಇನ್ನೂ ಆಗುವುದಿಲ್ಲ.

ಮೂರು ವರ್ಷದ ಹೆಚ್ಚಿನ ಮಕ್ಕಳಿಗೆ ಹಾಡಿನ ತಾಳಕ್ಕೆ ಕೂಡಿಕೊಂಡು ಚಪ್ಪಾಳೆ ತಟ್ಟಲು ಬರುವುದಿಲ್ಲ. ಇದನ್ನು ತಪ್ಪು ಅಂತ ತಿದ್ದಬೇಡಿ. ನಾಲ್ಕು ದಾಟಿದ ಮೇಲೆ ಅದು ನಿಧಾನಕ್ಕೆ ಕೂಡಿಬರುತ್ತದೆ. ಅಲ್ಲಿಯವರೆಗೆ ದಿಕ್ಕು ಬದಲಿಸಿ: ಮಗು ನಡೆಯಲಿ, ಅದರ ಹೆಜ್ಜೆಗೆ ನೀವು ಡ್ರಮ್ ಬಾರಿಸಿ. ಮಗು ನಿಂತರೆ ನೀವೂ ನಿಲ್ಲಿಸಿ. ಓಡಿದರೆ ಬೇಗ ಬಾರಿಸಿ. ತನ್ನ ಕಾಲಿಂದ ಸದ್ದು ಬರುತ್ತಿದೆ ಅನ್ನುವುದು ಮಗುವಿಗೆ ಎರಡೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಆ ಮುಖ ನೋಡಬೇಕು ನೀವು! ಸ್ವಿಟ್ಜರ್ಲೆಂಡಿನ ಸಂಗೀತ ಶಿಕ್ಷಕ ಎಮಿಲ್ ಜಾಕ್-ಡಾಲ್ಕ್ರೋಜ್ 20ನೇ ಶತಮಾನದ ಆರಂಭದಲ್ಲಿ ಕಟ್ಟಿದ ಪದ್ಧತಿಯ ತಿರುಳೂ ಇದೇ. ಲಯ ಮೊದಲು ಮೈಗೆ ಬರಬೇಕು, ಲೆಕ್ಕ ಆಮೇಲೆ.

ಹೆಜ್ಜೆ 2: ವಾರಕ್ಕೊಂದೇ ವಿಷಯ, ಅದಕ್ಕೊಂದು ಸ್ಪಷ್ಟ ಪದ

ಈ ವಯಸ್ಸಿಗೆ ಸಾಕಾಗುವ ವಿಷಯಗಳು ನಾಲ್ಕು: ಸದ್ದು ಮತ್ತು ನಿಶ್ಶಬ್ದ, ಬೇಗ ಮತ್ತು ನಿಧಾನ, ಗಟ್ಟಿ ಮತ್ತು ಮೆತ್ತಗೆ, ದಪ್ಪ ದನಿ ಮತ್ತು ಕೀರಲು ದನಿ. ನಾನು ಇದೇ ಕ್ರಮದಲ್ಲಿ ಹೋಗುತ್ತೇನೆ. ವಾರಕ್ಕೊಂದು ತೆಗೆದುಕೊಂಡರೆ ಒಂದು ತಿಂಗಳು ತುಂಬುತ್ತದೆ. ಮುಂದಿನ ತಿಂಗಳು ಇದೇ ನಾಲ್ಕಕ್ಕೆ ಹೊಸ ಆಟ.

ಇಲ್ಲಿ ಕನ್ನಡದಲ್ಲಿ ಪಾಠ ಮಾಡುವವರು ಎಚ್ಚರವಾಗಿರಬೇಕಾದ ಒಂದು ಸಂಗತಿ ಇದೆ. ನನಗೆ ಇದು ಹೊಳೆಯಲು ತುಂಬಾ ಸಮಯ ಹಿಡಿಯಿತು. "ಜೋರಾಗಿ ಓಡು" ಅಂದರೆ ಬೇಗ ಓಡು. "ಜೋರಾಗಿ ಕೂಗು" ಅಂದರೆ ಗಟ್ಟಿಯಾಗಿ ಕೂಗು. "ಮೆಲ್ಲಗೆ ನಡಿ" ಅಂದರೆ ನಿಧಾನ. "ಮೆಲ್ಲಗೆ ಮಾತಾಡು" ಅಂದರೆ ಸದ್ದು ಕಡಿಮೆ ಮಾಡು. ಒಂದೇ ಪದ, ಎರಡು ಅರ್ಥ. "ಮೆಲ್ಲಗೆ ಹಾಡೋಣ" ಅಂದಾಗ ಅರ್ಧ ಮಕ್ಕಳು ಪಿಸುಗುಟ್ಟುತ್ತಾರೆ, ಉಳಿದವರು ಎಳೆದು ಹಾಡುತ್ತಾರೆ. ಇಬ್ಬರೂ ಸರಿ! ನಮ್ಮ ಮಾತೇ ಗೊಂದಲದ್ದು.

ಸ್ವರದ ವಿಷಯದಲ್ಲೂ ಹಾಗೇ. "ದನಿ ಏರಿಸಬೇಡ" ಅಂದರೆ ಮನೆಯಲ್ಲಿ ಅದರ ಅರ್ಥ ಕೂಗಬೇಡ ಅಂತ. ಅದೇ ಮಗುವಿಗೆ "ದನಿ ಏರಿಸಿ ಹಾಡು" ಅಂದರೆ ಅದು ಕೂಗುವುದೇ ನ್ಯಾಯ. ಹಾಗಾಗಿ ತರಗತಿಯಲ್ಲಿ ಜೋರು, ಮೆಲ್ಲಗೆ, ಏರು, ಇಳಿ ಈ ನಾಲ್ಕನ್ನೂ ಸಂಗೀತದ ಹೊತ್ತಿನಲ್ಲಿ ಬಿಟ್ಟುಬಿಡಿ. ವೇಗಕ್ಕೆ ಬೇಗ, ನಿಧಾನ. ಸದ್ದಿನ ಪ್ರಮಾಣಕ್ಕೆ ಗಟ್ಟಿ, ಮೆತ್ತಗೆ. ಸ್ವರಕ್ಕೆ ಕರಡಿ ದನಿ, ಹಕ್ಕಿ ದನಿ. ತರಗತಿಯಲ್ಲಿ ಇನ್ನೊಬ್ಬ ಟೀಚರ್ ಅಥವಾ ಆಯಾ ಇದ್ದರೆ ಅವರಿಗೂ ಇದೇ ಪದಗಳನ್ನು ಮೊದಲೇ ಹೇಳಿಡಿ.

ಪದ ಬೇರೆ ಮಾಡಿದರೆ ಸಾಲದು, ಆಟದಲ್ಲೂ ಅದು ಬೇರೆಯಾಗಬೇಕು. ಮಕ್ಕಳು ಬೇಗ ಹಾಡುವಾಗ ತಾವಾಗೇ ಗಟ್ಟಿಯಾಗಿ ಹಾಡುತ್ತಾರೆ. ಮೆತ್ತಗೆ ಅಂದರೆ ತಾವಾಗೇ ನಿಧಾನ ಮಾಡುತ್ತಾರೆ. ಆದ್ದರಿಂದ ವಾರದ ಕೊನೆಯಲ್ಲಿ ಎರಡನ್ನೂ ಅಡ್ಡ ಜೋಡಿಸಿ: "ಬೇಗ ಬೇಗ, ಆದರೆ ಪಿಸುಮಾತಲ್ಲಿ." "ನಿಧಾನ, ಆದರೆ ಗಟ್ಟಿಯಾಗಿ." ಕರಡಿ ದನಿಯಲ್ಲಿ ಪಿಸುಗುಟ್ಟುವುದು, ಹಕ್ಕಿ ದನಿಯಲ್ಲಿ ಕರೆಯುವುದು. ಇದು ನಾಲ್ಕೂವರೆ ವರ್ಷದ ಮಗುವಿಗೂ ನಿಜವಾದ ಸವಾಲು. ಅದು ಬಂದರೆ ಆ ಮಗುವಿಗೆ ವಿಷಯ ಅರ್ಥವಾಗಿದೆ ಅಂತಲೇ ಲೆಕ್ಕ.

ಹೆಜ್ಜೆ 3: ಹಾಡು ಚಿಕ್ಕದಿರಲಿ, ಶ್ರುತಿ ಮಕ್ಕಳದ್ದಿರಲಿ

ನಾಲ್ಕು ಸಾಲು ಸಾಕು. ಒಂದು ಮಾತು ಮತ್ತೆ ಮತ್ತೆ ಬರಬೇಕು. ಕೈಕಾಲಿಗೆ ಏನಾದರೂ ಕೆಲಸ ಇರಬೇಕು. ಸಿಗದಿದ್ದರೆ ನೀವೇ ಕಟ್ಟಿ. ಕನ್ನಡದಲ್ಲಿ ಅನುಕರಣೆಯ ಪದಗಳಿಗೆ ಬರವೇ ಇಲ್ಲ: ಪಟಪಟ, ಗುಡುಗುಡು, ಕಿಣಿಕಿಣಿ, ಝಣಝಣ, ಗಳಗಳ. ಅವುಗಳಲ್ಲೇ ಲಯ ಇದೆ. ನಾನು ಮಳೆಯ ಮೇಲೆ ಕಟ್ಟಿಕೊಂಡದ್ದು ಇದು:

ಟಪ್ ಟಪ್ ಹನಿ ಬಿತ್ತು,
ಪಟಪಟ ಪಟಪಟ ಮಳೆ ಬಂತು,
ಗುಡುಗುಡು ಗುಡುಗುಡು ಗುಡುಗಿತ್ತು,
ಶ್... ಮಳೆ ನಿಂತೇ ಹೋಯ್ತು.

ಈ ನಾಲ್ಕೇ ಸಾಲಿನಲ್ಲಿ ನಿಧಾನ, ಬೇಗ, ಗಟ್ಟಿ, ನಿಶ್ಶಬ್ದ ಎಲ್ಲವೂ ಇವೆ. ಮೊದಲ ವಾರ ಕೊನೆಯ ಸಾಲಿಗೆ ಒತ್ತು ಕೊಡಿ. ಎರಡನೇ ವಾರ ಮೊದಲ ಎರಡು ಸಾಲಿಗೆ. ಹಾಡು ಅದೇ, ಕೇಳುವ ಜಾಗ ಬೇರೆ. ಒಂದೇ ಹಾಡನ್ನು ತಿಂಗಳಿಡೀ ಹಾಡಿದರೆ ಬೇಸರ ಬರುವುದು ನಮಗೆ, ಮಕ್ಕಳಿಗಲ್ಲ.

ರಾಗ ಹಾಕಲು ಗೊತ್ತಿಲ್ಲ ಅನ್ನುವವರಿಗೆ ಒಂದು ಸುಲಭ ದಾರಿ. ಮಕ್ಕಳು ಆಟದಲ್ಲಿ ಒಬ್ಬರನ್ನೊಬ್ಬರು ಎಳೆದು ಕರೆಯುವಾಗ ದನಿ ಎರಡು ಸ್ವರಗಳ ನಡುವೆ ಓಡಾಡುವುದನ್ನು ಕೇಳಿರುತ್ತೀರಿ. ಅದು ಸುಮಾರಾಗಿ ಸರಿಗಮಪದಲ್ಲಿ ಬರುವ ಪ ಮತ್ತು ಗ: ಪ–ಗ, ಪ–ಗ. ಹಂಗೇರಿಯ ಸಂಗೀತಗಾರ ಜೋಲ್ತಾನ್ ಕೊಡಾಯ್ ಅವರ ಹೆಸರಿನ ಪದ್ಧತಿಯಲ್ಲಿ ಮಕ್ಕಳ ಹಾಡಿನ ಪಾಠ ಸಾಮಾನ್ಯವಾಗಿ ಶುರುವಾಗುವುದು ಈ ಎರಡು ಸ್ವರಗಳಿಂದಲೇ. ನಿಮ್ಮ ನಾಲ್ಕು ಸಾಲನ್ನು ಅದರಲ್ಲೇ ಹೇಳಿ ನೋಡಿ. ಹಾಡಾಗುತ್ತದೆ.

ಶ್ರುತಿಯ ವಿಷಯದಲ್ಲಿ ನಾವು ಮಾಡುವ ತಪ್ಪು ತುಂಬಾ ಕೆಳಗೆ ಹಾಡುವುದು. ನಮ್ಮ ಗಂಟಲಿಗೆ ಹಿತವಾದದ್ದು ಮಕ್ಕಳಿಗೆ ಪಾತಾಳ. ಅಲ್ಲಿ ಅವರಿಗೆ ಹಾಡಲಾಗದೆ ಮಾತಿನ ದನಿಗೆ ಜಾರುತ್ತಾರೆ. ಈ ವಯಸ್ಸಿನವರಿಗೆ ಆರಾಮಾದ ಜಾಗ ಸಂಗೀತದ ಕೀಬೋರ್ಡಿನ ನಡುವಿನ ಸಿ ನಂತರ ಬರುವ ಡಿ ಸ್ವರದಿಂದ ಅದರ ಮೇಲಿನ ಎ ವರೆಗೆ, ಹೆಚ್ಚು ಕಡಿಮೆ. ಮೊಬೈಲಿನಲ್ಲಿ ಒಂದು ಟ್ಯೂನರ್ ಆ್ಯಪ್ (ಹಾಡಿದ ಸ್ವರ ಯಾವುದು ಅಂತ ತೋರಿಸುವುದು) ಹಾಕಿಕೊಂಡು ಆ ಡಿ ಎಲ್ಲಿದೆ ಅಂತ ದಿನಾ ಹಾಡುವ ಮೊದಲು ನೋಡಿಕೊಳ್ಳಿ. ಗಂಡು ಟೀಚರ್ ಆಗಿದ್ದರೆ ನಿಮ್ಮ ದನಿ ಮಕ್ಕಳಿಗಿಂತ ಒಂದು ಸ್ಥಾಯಿ, ಅಂದರೆ ಒಂದು ಸ ಇಂದ ಮುಂದಿನ ಸ ವರೆಗಿನಷ್ಟು, ಕೆಳಗಿರುತ್ತದೆ. ಕೆಲವು ಮಕ್ಕಳು ಅದನ್ನು ಹಿಡಿಯಲು ಒದ್ದಾಡುತ್ತಾರೆ. ಸರಿಯಾಗಿ ಹಾಡುವ ಒಂದು ಮಗುವಿನಿಂದ ಶುರು ಮಾಡಿಸಿ, ಉಳಿದವರು ಅದನ್ನು ಹಿಡಿದುಕೊಳ್ಳುತ್ತಾರೆ.

ರೆಕಾರ್ಡ್ ಮಾಡಿದ ಹಾಡು ಬೇಡ ಅಂತಲ್ಲ. ಕುಣಿಯಲು, ಸುಮ್ಮನೆ ಕೇಳಲು ಇರಲಿ. ಹಾಡು ಕಲಿಸಲು ಮಾತ್ರ ನಿಮ್ಮ ದನಿಯೇ ಬೇಕು. ಸ್ಪೀಕರ್ ಮಗುವಿಗಾಗಿ ಕಾಯುವುದಿಲ್ಲ.

ಹೆಜ್ಜೆ 4: 20 ನಿಮಿಷವನ್ನು ಹಂಚುವುದು

ಒಂದೇ ಕೆಲಸದಲ್ಲಿ ಮೂರ್ನಾಲ್ಕು ನಿಮಿಷಕ್ಕಿಂತ ಹೆಚ್ಚು ಇರಬೇಡಿ. ಕೂತು ಮಾಡುವುದು, ಎದ್ದು ಮಾಡುವುದು ಒಂದಾದ ಮೇಲೊಂದು ಬರಲಿ. ಬೇಗ–ನಿಧಾನದ ವಾರದಲ್ಲಿ ನನ್ನ ಒಂದು ದಿನ ಹೀಗಿರುತ್ತದೆ.

ಮೊದಲ 2 ನಿಮಿಷ ನಮಸ್ಕಾರದ ಹಾಡು. ಪ್ರತಿ ಮಗುವಿನ ಹೆಸರು ಹಾಡಿನಲ್ಲಿ ಬರುತ್ತದೆ, ಹೆಸರಿನ ಅಕ್ಷರಕ್ಕೊಂದು ಚಪ್ಪಾಳೆ. ವರ್ಷವಿಡೀ ಇದೊಂದೇ ಹಾಡು. ಇದು ಕೇಳಿದರೆ ಸಂಗೀತ ಶುರುವಾಯಿತು ಅಂತ ಅವರಿಗೆ ಗೊತ್ತು, ಕೂಗಿ ಕರೆಯಬೇಕಿಲ್ಲ.

ಆಮೇಲೆ 3 ನಿಮಿಷ ಕೇಳುವ ಆಟ. ಕಣ್ಣು ಮುಚ್ಚಿ ಕೂರುತ್ತಾರೆ. ನಾನು ಮೇಜಿನ ಮೇಲೆ ಬೆರಳಿನಿಂದ ನಡೆಯುತ್ತೇನೆ. ನಡೆಯುತ್ತಿರುವುದು ಆಮೆಯೋ ಮೊಲವೋ? ಕೂಗಿ ಹೇಳುವಂತಿಲ್ಲ, ಕೈಯಲ್ಲಿ ತೋರಿಸಬೇಕು. ಕೂಗಲು ಬಿಟ್ಟರೆ ಮೊದಲು ಕೂಗಿದ ಮಗುವಿನ ಉತ್ತರವೇ ಎಲ್ಲರ ಉತ್ತರವಾಗುತ್ತದೆ.

ಮುಂದಿನ 4 ನಿಮಿಷ ಎದ್ದು ನಡೆಯುವುದು. ಡ್ರಮ್ಮಿನ ಬಡಿತಕ್ಕೆ ಆಮೆ, ಮೊಲ. ಡ್ರಮ್ ನಿಂತರೆ ಕಲ್ಲು. ಜಾಗ ಚಿಕ್ಕದಿದ್ದರೆ ನಿಂತಲ್ಲೇ ಹೆಜ್ಜೆ ಹಾಕಲಿ.

ಮತ್ತೆ ಕೂತು 4 ನಿಮಿಷ ಮಳೆ ಹಾಡು. ನಂತರ 4 ನಿಮಿಷ ವಾದ್ಯ. ಕೊನೆಯ 3 ನಿಮಿಷ ಮಲಗಿ ಕೇಳುವುದು, ಒಂದು ನಿಧಾನದ ವಾದ್ಯ ಸಂಗೀತ. ಈ ಕೊನೆಯ 3 ನಿಮಿಷವನ್ನು ಯಾವತ್ತೂ ಕಡಿತ ಮಾಡಬೇಡಿ. ಕುಣಿದ ಮಕ್ಕಳನ್ನು ಹಾಗೇ ಮುಂದಿನ ಪಾಠಕ್ಕೆ ಕೂರಿಸಿದರೆ ಆ ಪಾಠ ಹೋದಂತೆಯೇ. ಹೊತ್ತು ಕಡಿಮೆ ಬಿದ್ದರೆ ವಾದ್ಯವನ್ನು ಬಿಡಿ.

ಮೂರು ವರ್ಷದವರ ಗುಂಪಿಗೆ ಇದೂ ಜಾಸ್ತಿಯೇ. 12 ನಿಮಿಷಕ್ಕೆ ಇಳಿಸಿ: ಹೆಸರಿನ ಹಾಡು, ನಡೆಯುವ ಆಟ, ಒಂದು ಹಾಡು, ಮಲಗುವುದು.

ಹೆಜ್ಜೆ 5: ಒಂದು ಹಾಡು ಐದು ದಿನ

ಸೋಮವಾರ ನೀವೊಬ್ಬರೇ ಹಾಡಿ, ಎರಡು ಸಲ. ಮಕ್ಕಳು ಬರೀ ಕೇಳಲಿ. "ಕೊನೆಗೆ ಮಳೆ ಏನಾಯ್ತು?" ಅಂತ ಒಂದೇ ಪ್ರಶ್ನೆ. ಮಂಗಳವಾರ ನೀವು ಹಾಡಿ, ಅವರು ಕೈಯಲ್ಲಿ ಮಾಡಲಿ. ಹನಿಗೆ ಒಂದು ಬೆರಳು ಅಂಗೈ ಮೇಲೆ, ಮಳೆಗೆ ಎಲ್ಲ ಬೆರಳು, ಗುಡುಗಿಗೆ ತೊಡೆಯ ಮೇಲೆ ಅಂಗೈ. ಬುಧವಾರ ಸಾಲಿನ ಕೊನೆಯ ಪದ ಬಿಟ್ಟು ನಿಲ್ಲಿಸಿ: "ಟಪ್ ಟಪ್ ಹನಿ..." ಅವರೇ ತುಂಬುತ್ತಾರೆ. ಮಕ್ಕಳಿಗೆ ಮೊದಲು ಸಿಗುವುದು ಸಾಲಿನ ಕೊನೆಯೇ. ಗುರುವಾರ ಎಲ್ಲರೂ ಕೂಡಿ. ಶುಕ್ರವಾರ ಬದಲಾಯಿಸುವ ಹಕ್ಕು ಅವರದ್ದು. "ಮಳೆ ಬದಲು ಏನು ಬರಲಿ?" ಗಾಳಿ ಅನ್ನುತ್ತಾರೆ, ರೈಲು ಅನ್ನುತ್ತಾರೆ. ಅದರ ಸದ್ದನ್ನೂ ಅವರೇ ಹೇಳಲಿ.

ಕೈ ಆಡಿಸುತ್ತಾ ಪೂರ್ತಿ ಹಾಡಲು ಈ ವಯಸ್ಸಿನ ಹಲವರಿಗೆ ಆಗುವುದಿಲ್ಲ. ಕೈ ಶುರುವಾದರೆ ಬಾಯಿ ನಿಲ್ಲುತ್ತದೆ. ಆದ್ದರಿಂದಲೇ ಎರಡನ್ನೂ ಬೇರೆ ಬೇರೆ ದಿನ ಇಟ್ಟಿದ್ದೇನೆ.

ಹಾಡದೇ ಕೂರುವ ಮಕ್ಕಳ ಬಗ್ಗೆ ಚಿಂತೆ ಬೇಡ. ನನ್ನ ತರಗತಿಯಲ್ಲಿ ಒಬ್ಬಳು ಮೂರು ವಾರ ಮೇಜಿನ ಕೆಳಗೇ ಕೂತಿದ್ದಳು. ನಾನು ಕರೆಯಲಿಲ್ಲ, ಆದರೆ ಪ್ರತಿ ದಿನ ಅವಳ ಹೆಸರನ್ನೂ ಹಾಡಿದೆ. ಒಂದು ದಿನ ಅವಳ ಅಮ್ಮ ಬಂದು, "ಮನೇಲಿ ಗೊಂಬೆಗಳನ್ನ ಸಾಲಾಗಿ ಕೂರಿಸಿ ಎಲ್ಲಾ ಹಾಡೂ ಹೇಳಿಕೊಡ್ತಾಳೆ ಮಿಸ್" ಅಂದರು. ನಿಲ್ಲಿಸುವ ಜಾಗ, ಪಿಸುಗುಟ್ಟುವ ಜಾಗ, ಯಾವುದನ್ನೂ ಬಿಡುತ್ತಿರಲಿಲ್ಲವಂತೆ.

ಹೆಜ್ಜೆ 6: ವಾದ್ಯ ಕೊಡುವ ಮೊದಲು ನಿಲ್ಲುವುದನ್ನು ಕಲಿಸಿ

ಮೊದಲ ವಾರ ಸದ್ದು–ನಿಶ್ಶಬ್ದ ಇಟ್ಟಿರುವುದು ಇದಕ್ಕೇ. ಕೈಯಲ್ಲಿ ಏನೂ ಇಲ್ಲದಾಗ ನಿಲ್ಲಲು ಬಂದರೆ ಮಾತ್ರ ಗಿಲಕಿ ಇದ್ದಾಗ ನಿಲ್ಲಲು ಬರುತ್ತದೆ. ಚಪ್ಪಾಳೆ, ತೊಡೆ, ಕಾಲು, ಬಾಯಿಯ ಸದ್ದು ಇವುಗಳಲ್ಲೇ ಒಂದು ವಾರ ಆಡಿ. ನಿಲ್ಲಲು ಕೈಯ ಸನ್ನೆ ಇರಲಿ. ಎಲ್ಲರ ಕೈಯಲ್ಲೂ ಗಿಲಕಿ ಇರುವಾಗ "ನಿಲ್ಲಿಸಿ" ಅನ್ನುವ ಮಾತು ಯಾರಿಗೂ ಕೇಳಿಸುವುದಿಲ್ಲ.

ವಾದ್ಯ ಹಂಚುವಾಗ ಪೂರ್ತಿ ತರಗತಿಗೆ ಒಟ್ಟಿಗೆ ಕೊಡಬೇಡಿ. 20 ಮಕ್ಕಳಿದ್ದರೆ 5 ವಾದ್ಯ ಹೊರಗಿಡಿ. 5 ಜನ ಬಾರಿಸುತ್ತಾರೆ, ಉಳಿದವರು ಹಾಡುತ್ತಾರೆ, ಸಾಲು ಮುಗಿದಾಗ ಪಕ್ಕದವರಿಗೆ ದಾಟಿಸುತ್ತಾರೆ. ದಾಟಿಸುವುದೂ ಹಾಡಿನ ಭಾಗವಾದರೆ ಜಗಳ ಕಡಿಮೆ. ಮೊದಲ 30 ಸೆಕೆಂಡ್ ಅವರಿಷ್ಟದಂತೆ ಬಾರಿಸಲು ಬಿಡಿ. ಹೊಸ ವಸ್ತು ಕೈಗೆ ಬಂದಾಗ ಮಗುವಿನ ತಲೆಯಲ್ಲಿ ಬೇರೇನೂ ಇರುವುದಿಲ್ಲ. ಆ ಆಸೆ ತೀರಿದ ಮೇಲೆ ಮಾತು ಕೇಳುತ್ತಾರೆ.

ಏನೇನು ಬೇಕು? ಒಂದು ಒಳ್ಳೆಯ ಡ್ರಮ್. ಗಿಲಕಿಗಳು, ಕೋಲುಗಳು, ಒಂದೆರಡು ಗಂಟೆ. ಬಜೆಟ್ ಇದ್ದರೆ ಪಟ್ಟಿಗಳನ್ನು ಬಿಡಿಬಿಡಿಯಾಗಿ ತೆಗೆಯಬಹುದಾದ ಕ್ಸೈಲೋಫೋನ್. ಇದು ಜರ್ಮನಿಯ ಸಂಗೀತಗಾರ ಕಾರ್ಲ್ ಓರ್ಫ್ ಅವರ ಪದ್ಧತಿಯಿಂದ ಎಲ್ಲೆಡೆ ಹರಡಿದ ಉಪಾಯ. ಬೇಡದ ಪಟ್ಟಿ ತೆಗೆದು ಎರಡು ಮೂರು ಸ್ವರ ಮಾತ್ರ ಬಿಟ್ಟರೆ ಮಗು ಎಲ್ಲಿ ಬಡಿದರೂ ಹಾಡಿಗೆ ಹೊಂದುತ್ತದೆ.

ಗಿಲಕಿ ನೀವೇ ಮಾಡಿಕೊಳ್ಳಬಹುದು. ಗಟ್ಟಿ ಪ್ಲಾಸ್ಟಿಕ್ ಬಾಟಲಿಯ ಕಾಲು ಭಾಗ ಮರಳು, ಕಾಳು ಅಥವಾ ಸಣ್ಣ ಕಲ್ಲು ತುಂಬಿ. ಮುಚ್ಚಳವನ್ನು ಗಟ್ಟಿ ಅಂಟಿನಿಂದ ಕೂರಿಸಿ, ಮೇಲೆ ಟೇಪ್ ಸುತ್ತಿ. ಪ್ರತಿ ವಾರ ಟೇಪ್ ಬಿಟ್ಟಿದೆಯಾ ನೋಡಿ. ಒಂದು ಸುಲಭ ಪರೀಕ್ಷೆ: ಟಿಶ್ಯೂ ರೋಲಿನ ಒಳಗಿನ ರಟ್ಟಿನ ಕೊಳವೆಯಲ್ಲಿ ತೂರುವ ಯಾವ ವಸ್ತುವೂ ಪುಟ್ಟ ಮಕ್ಕಳ ಕೈಗೆ ಬಿಡಿಯಾಗಿ ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗುಂಡಿ ಒತ್ತಿದರೆ ಹಾಡುವ ಆಟಿಕೆಗಳಲ್ಲಿ ನಾಣ್ಯದಂಥ ಚಿಕ್ಕ ಬ್ಯಾಟರಿ ಇರುತ್ತದೆ. ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ತರಗತಿಗೆ ಬೇಡವೇ ಬೇಡ. ಪೀಪಿಯಂತೆ ಬಾಯಿಗಿಟ್ಟು ಊದುವುದನ್ನು ಹಂಚಿಕೊಳ್ಳುವುದೂ ಬೇಡ.

ಸದ್ದಿನ ಮಿತಿಯನ್ನೂ ನೋಡಿಕೊಳ್ಳಿ. ಕೈಯಳತೆ ದೂರದಲ್ಲಿರುವವರಿಗೆ ನೀವು ಕೂಗಿ ಹೇಳಬೇಕಾಗಿ ಬಂದರೆ ಆ ಕೋಣೆಯ ಸದ್ದು ಜಾಸ್ತಿಯಾಗಿದೆ. ಬರಿ ನೆಲ, ಬರಿ ಗೋಡೆಯ ಕೋಣೆಯಲ್ಲಿ ಸದ್ದು ಇನ್ನೂ ಕೆಟ್ಟದಾಗಿ ಮೊಳಗುತ್ತದೆ. ಒಂದು ದಪ್ಪ ಜಮಖಾನ ಹಾಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಹೆಜ್ಜೆ 7: ಒಂದು ಸದ್ದಿನ ಮೂಲೆ

ಗುಂಪಿನಲ್ಲಿ ಕಲಿತದ್ದನ್ನು ಮಗು ಒಂಟಿಯಾಗಿ ಮಾಡಿ ನೋಡಲು ಒಂದು ಮೂಲೆ ಬೇಕು. ಅಲ್ಲಿ ಎರಡು ಮೂರು ವಸ್ತು ಮಾತ್ರ, ಒಮ್ಮೆಗೆ ಇಬ್ಬರು ಮಕ್ಕಳು. ಸದ್ದಿನ ಡಬ್ಬಿಗಳು ಇಲ್ಲಿಗೆ ತುಂಬಾ ಚೆನ್ನ. ಒಳಗಿರುವುದು ಕಾಣದ ಡಬ್ಬಿಗಳನ್ನು ಜೋಡಿ ಜೋಡಿಯಾಗಿ ಮಾಡಿ, ಅಲ್ಲಾಡಿಸಿ ಒಂದೇ ಸದ್ದಿನವನ್ನು ಜೊತೆ ಮಾಡುವುದು. ಮರಿಯಾ ಮಾಂಟೆಸರಿ ಅವರ ಪದ್ಧತಿಯಲ್ಲಿ ಇಂಥ 6 ಜೋಡಿ ಇರುತ್ತವೆ. ಶುರುವಿಗೆ 2 ಜೋಡಿ ಸಾಕು, ಅದೂ ತೀರಾ ಬೇರೆ ಬೇರೆ ಸದ್ದಿನವು: ಮರಳು ಮತ್ತು ಕಲ್ಲು.

ದೊಡ್ಡ ಮಕ್ಕಳಿಗೆ, ನೀವು ಪಕ್ಕದಲ್ಲಿರುವಾಗ, ನೀರಿನ ಲೋಟ. ಗಾಜಿನ ಲೋಟಕ್ಕೆ ಚಮಚದಿಂದ ಮೆತ್ತಗೆ ತಟ್ಟಿ. ನೀರು ಹೆಚ್ಚಾದಷ್ಟೂ ದನಿ ದಪ್ಪ, ಕರಡಿ ಕಡೆಗೆ. ಈಗ ಬಾಟಲಿಯ ಬಾಯಿಗೆ ನೀವು ಊದಿ ತೋರಿಸಿ. ಇಲ್ಲಿ ಉಲ್ಟಾ. ನೀರು ಹೆಚ್ಚಾದಷ್ಟೂ ಹಕ್ಕಿ! ತಟ್ಟಿದಾಗ ನಡುಗುವುದು ನೀರು ಹೊತ್ತ ಗಾಜು, ಭಾರ ಹೆಚ್ಚಿದರೆ ನಡುಕ ನಿಧಾನ. ಊದಿದಾಗ ನಡುಗುವುದು ಒಳಗಿನ ಗಾಳಿ, ನೀರು ಹೆಚ್ಚಿದರೆ ಗಾಳಿಗೆ ಜಾಗ ಕಡಿಮೆ, ನಡುಕ ಬೇಗ. ಮಕ್ಕಳಿಗೆ ಕಾರಣ ಹೇಳಬೇಕಿಲ್ಲ. "ಈಗ ಯಾರು ಮಾತಾಡ್ತಾರೆ, ಕರಡಿಯಾ, ಹಕ್ಕಿಯಾ?" ಅಂತ ಮೊದಲೇ ಊಹೆ ಮಾಡಿಸಿ, ಆಮೇಲೆ ಬಾರಿಸಿ.

ಹೆಜ್ಜೆ 8: ಸದ್ದು ಕಷ್ಟವಾಗುವ ಮಕ್ಕಳು, ಸದ್ದು ಕೇಳದ ಮಕ್ಕಳು

ಕೆಲವರು ಗಂಟೆ ಬಾರಿಸಿದ ಕೂಡಲೇ ಕಿವಿ ಮುಚ್ಚಿಕೊಳ್ಳುತ್ತಾರೆ. ಅದು ಹಟ ಅಲ್ಲ, ನಿಜಕ್ಕೂ ಹಿಂಸೆಯಾಗುತ್ತದೆ. ಮುಂದೆ ಯಾವ ಸದ್ದು ಬರುತ್ತದೆ ಅಂತ ಮೊದಲೇ ಹೇಳಿ. ಬಾಗಿಲ ಹತ್ತಿರ ಕೂರಿಸಿ, ಕಿವಿ ಮುಚ್ಚುವ ಹೆಡ್‌ಫೋನ್ ಕೊಡಿ. "ನಿಲ್ಲಿಸು" ಅನ್ನುವ ಸನ್ನೆ ಮಾಡುವ ಕೆಲಸ ಆ ಮಗುವಿಗೇ ಕೊಟ್ಟು ನೋಡಿ. ಸದ್ದು ತನ್ನ ಹಿಡಿತದಲ್ಲಿದೆ ಅಂತ ಗೊತ್ತಾದರೆ ಭಯ ತುಂಬಾ ಇಳಿಯುತ್ತದೆ.

ಕೇಳಿಸುವುದು ಕಡಿಮೆ ಇರುವ ಮಗುವಿಗೆ ಡ್ರಮ್ಮಿನ ಮೈ ಮುಟ್ಟಲು ಕೊಡಿ. ಡ್ರಮ್ಮಿನ ಮೇಲೆ ಚಿಟಿಕೆ ಮರಳು ಹಾಕಿ ಬಾರಿಸಿದರೆ ಕಣಗಳು ಕುಣಿಯುವುದು ಕಾಣುತ್ತದೆ. ಉಳಿದ ಮಕ್ಕಳೂ ಓಡಿ ಬರುತ್ತಾರೆ. ಶುರು, ನಿಲುಗಡೆ, ಬೇಗ, ನಿಧಾನ ಎಲ್ಲಕ್ಕೂ ಕೈಸನ್ನೆ ಇದ್ದರೆ ಆ ಮಗು ಎಲ್ಲೂ ಹಿಂದೆ ಬೀಳುವುದಿಲ್ಲ. ಹಾಡುವಾಗ ನಿಮ್ಮ ಮುಖ ಅವರಿಗೆ ಕಾಣುವಂತೆ ಕೂರಿ.

ಹೆಜ್ಜೆ 9: ತಿಂಗಳ ಹಾಳೆ

ಒಂದು ಹಾಳೆ ಸಾಕು. ನಾಲ್ಕು ಅಡ್ಡ ಸಾಲು, ವಾರಕ್ಕೊಂದು. ಪ್ರತಿ ಸಾಲಿನಲ್ಲಿ ವಾರದ ವಿಷಯ, ನೀವು ಬಳಸುವ ಎರಡು ಪದ, ಒಂದು ಹಾಡು, ಒಂದು ನಡೆಯುವ ಆಟ, ಒಂದು ವಾದ್ಯ. ಹಿಂದಿನ ಬದಿಯಲ್ಲಿ ಮಕ್ಕಳ ಹೆಸರು. ದಿನಕ್ಕೆ ಮೂರು ಮಕ್ಕಳನ್ನು ಮಾತ್ರ ಗಮನಿಸಿ, ಹೆಸರಿನ ಮುಂದೆ ಕಂಡದ್ದನ್ನು ಬರೆಯಿರಿ. "ಚೆನ್ನಾಗಿ ಹಾಡಿದಳು" ಅಂತ ಬೇಡ. "ಡ್ರಮ್ ನಿಂತಾಗ ಎರಡು ಹೆಜ್ಜೆ ಆದ ಮೇಲೆ ನಿಂತ", "ಬೇಗ ಅಂದಾಗ ಗಟ್ಟಿಯೂ ಮಾಡಿದಳು", "ಹಕ್ಕಿ ದನಿ ಪಿಸುಮಾತಿನಲ್ಲಿ ಬಂತು" ಹೀಗೆ ಬರೆಯಿರಿ.

ಶುಕ್ರವಾರ ಸಂಜೆ ಆ ಹಾಳೆ ತಿರುಗಿಸಿ ನೋಡಿ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ವ್ಯತ್ಯಾಸ ಸಿಗದಿದ್ದರೆ ಮುಂದಿನ ವಾರವೂ ಅದೇ ವಿಷಯ ಇರಲಿ, ಆಟ ಮಾತ್ರ ಬದಲಾಗಲಿ. ನನ್ನ ಹಾಳೆಯಲ್ಲಿ ಕರಡಿ–ಹಕ್ಕಿ ವಾರ ಒಂದೇ ವಾರದಲ್ಲಿ ಮುಗಿದದ್ದು ಇಲ್ಲವೇ ಇಲ್ಲ. ಅದಕ್ಕೆ ಈಗ ಶುರುವಿನಲ್ಲೇ ಎರಡು ಸಾಲು ಬಿಟ್ಟಿರುತ್ತೇನೆ.